ಎರಡಿಲ್ಲದೆ ಒಂದನ್ನು ಮುಟ್ಟದ ಭಾವ

ಇದನ್ನು ಹೇಳಬೇಕೆಂದುಕೊಂಡು ಎಷ್ಟೋ ವರ್ಷವಾಯಿತು. ಸುಗ್ಗಿ ಕಳೆಯಲಿ ಅಂದುಕೊಂಡೆ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಅಂದುಕೊಂಡೆ. ಪೊರೆ ಹೋಯಿತು, ಅದರ ಜೊತೆಗೆ ನೆಪವೂ ಹೋಯಿತು. ಇನ್ನು ಹೇಳದೆ ವಿಧಿಯಿಲ್ಲ: ನಮ್ಮ ಭಾವನಿಗೆ ಒಂದು ಎಂಬ ಸಂಖ್ಯೆಯೇ ಗೊತ್ತಿರಲಿಲ್ಲ!

ಲೆಕ್ಕ ಬರದ ಮನುಷ್ಯ ಅಂತ ತಿಳಿಯಬೇಡಿ. ನಮ್ಮಕ್ಕನ ಗಂಡ. ಚನ್ನಪಟ್ಟಣದ ಒಂದು ಟ್ಯುಟೋರಿಯಲ್ಲಿನಲ್ಲಿ ಪಿಯುಸಿ ಫೇಲಾದ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಹಳೆಯ ಇಂಗ್ಲಿಷ್ ಪದ್ಯಗಳೆಂದರೆ ಪ್ರಾಣ. ಆದರೆ ಪದ್ಯವನ್ನು ಒಂಟಿಯಾಗಿ ಓದುವುದು ಅವರ ಪ್ರಕಾರ ಒಂಟೆತ್ತು ಕಟ್ಟಿ ಉತ್ತ ಹಾಗೆ. ಪಕ್ಕಕ್ಕೆ ಇನ್ನೊಂದು ಪದ್ಯ ಇರಲೇಬೇಕು. ಎರಡರ ಥೀಮ್ ಏನು, ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ? ಇದು ಗೊತ್ತಾಗುವವರೆಗೆ ಅವರಿಗೆ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ.

ಪದ್ಯಕ್ಕೇ ನಿಂತಿದ್ದರೆ ನಮಗೇನು ಕಷ್ಟ? ಊಟಕ್ಕೂ ಬಂತು. ತಟ್ಟೆಯಲ್ಲಿ ಎರಡು ಮುದ್ದೆ ಕಾಣದೆ ಕೈ ಇಡುತ್ತಿರಲಿಲ್ಲ.

“ಎರಡರ ಥೀಮೂ ರಾಗಿಯೇ ಕಣಯ್ಯ,” ಎಂದು ನನಗೆ ತೋರಿಸುತ್ತಿದ್ದರು. “ಆದ್ರೆ ಮೊದಲ್ನೇದ್ರಲ್ಲಿ ನೆಮ್ಮದಿ ಐತೆ. ಎರಡ್ನೇದ್ರಲ್ಲಿ ಏನೋ ಹಟ.”

“ಎರಡ್ನೇದು ಕಟ್ಟಿದ್ದು ನಿಮ್ಮವ್ವ,” ಎಂದು ಅಕ್ಕ ಒಳಗಿನಿಂದ ಹೇಳುತ್ತಿದ್ದಳು.

ಮದುವೆಯ ದಿನವೇ ಇದರ ಸುಳಿವು ಸಿಕ್ಕಿತ್ತು. ಗಂಡಿನ ಮನೆಯ ಹೊಸ್ತಿಲಿಗೆ ಅವನ ತಂಗಿ ಅಡ್ಡ ನಿಂತು, ಮದುವಣಗಿತ್ತಿಯ ಬಾಯಲ್ಲಿ ಗಂಡನ ಹೆಸರು ಹೇಳಿಸಿದ ಮೇಲೆಯೇ ಒಳಗೆ ಬಿಡುವುದು ನಮ್ಮ ಕಡೆಯ ಶಾಸ್ತ್ರ. ಅಕ್ಕ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸಿದರು. ಭಾವ ಅಲ್ಲೇ, ಬಾಸಿಂಗ ಕಟ್ಟಿಕೊಂಡೇ, “ಮೊದಲ್ನೇ ಸಲ ಹೇಳಿದ್ರಲ್ಲಿ ಭಯ, ಎರಡ್ನೇ ಸಲದ್ರಲ್ಲಿ ಸಿಟ್ಟು,” ಅಂದುಬಿಟ್ಟರು. ಆಮೇಲೆ ಆ ಹೆಸರನ್ನು ಅಕ್ಕ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ. ನಾನೂ ಹೇಳಿದವನಲ್ಲ. ಅಕ್ಕನ ಗಂಡನನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕೆ ಬದಲಾಗಿ ಭಾವಮೈದನಿಗೆ ಹಿರಿಯರು ಒಂದು ಹಕ್ಕು ಕೊಟ್ಟಿದ್ದಾರೆ: ಭಾವನನ್ನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಅವನು ಕೋಪಿಸಿಕೊಳ್ಳುವ ಹಾಗಿಲ್ಲ. ನಾನು ಹೈಸ್ಕೂಲು ಮುಗಿಸಿ, ಅರಗಿನ ಬಣ್ಣದ ಬೊಂಬೆ ಕಡೆಯುವ ಕೆಲಸಕ್ಕೆ ಕೂತವನು. ಓದಿದ ಭಾವನ ಮುಂದೆ ನನಗಿದ್ದ ಆಯುಧ ಅದೊಂದೇ. ಮಸೆದು ಮಸೆದು ಇಟ್ಟುಕೊಂಡಿದ್ದೆ.

ನನ್ನ ಶೆಡ್ಡಿಗೆ ಬಂದರೆ ಎರಡು ಬುಗುರಿ ಎತ್ತಿಕೊಂಡು ಬೆಳಕಿಗೆ ಹಿಡಿಯುತ್ತಿದ್ದರು. “ಈ ಕೆಂಪು ಬುಗುರಿಗೆ ಜಂಬ. ಹಳದಿಗೆ ವೈರಾಗ್ಯ.”

“ಭಾವ, ಹಳದೀದು ಒಸಿ ಸೊಟ್ಟ ಬಂದ್ಬುಟ್ಟೈತೆ, ಅಷ್ಟೆ.”

“ಅದ್ಕೇ ಕಣಯ್ಯ ವೈರಾಗ್ಯ.”

ಎರಡು ಸಾವಿರದ ಇಸವಿ ದಾಟಿದ ಕಾಲ. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದವು. ಟ್ಯುಟೋರಿಯಲ್ಲಿನ ಮಾಲೀಕ ಹಳೇ ಬೋರ್ಡು ಇಳಿಸಿ ‘ಸ್ಪೋಕನ್ ಇಂಗ್ಲಿಷ್’ ಎಂದು ಹೊಸದು ಏರಿಸಿದ. ಇಂಟರ್‌ವ್ಯೂಗೆ ಹುಡುಗರನ್ನು ತಯಾರು ಮಾಡುವ ಕೆಲಸ ಭಾವನ ಪಾಲಿಗೆ ಬಂತು. ಭಾವ ಏನು ಕಲಿಸಿದರು? ನದಿಯ ಮೇಲಿನ ಎರಡು ಪದ್ಯ! ವಿರೂಪಾಕ್ಷಿಪುರದ ಕಡೆಯ ಒಬ್ಬ ಹುಡುಗನ ಮುಂದೆ ಕಾರ್ಖಾನೆಯ ಸಾಹೇಬರು ಎರಡು ಬೋಲ್ಟು ಇಟ್ಟು, ವ್ಯತ್ಯಾಸ ಹೇಳು ಅಂದರಂತೆ. ಇವನು ಕಲಿತಿದ್ದೆಲ್ಲ ಒಟ್ಟುಗೂಡಿಸಿ, “ಎರಡರ ಥೀಮೂ ಬಿಗಿಯಾಗಿ ಹಿಡಿಯೋದು ಸಾರ್. ಆದ್ರೆ ಎರಡ್ನೇದು ನಂಬಿಕೆ ಕಳ್ಕೊಂಡೈತೆ,” ಅಂದನಂತೆ. ನಿಜಕ್ಕೂ ಆ ಬೋಲ್ಟಿನ ತಿರುಪಿನ ಸುತ್ತು ಸವೆದಿತ್ತು. ಕೆಲಸ ಸಿಕ್ಕಿತು. ಭಾವನ ಮನೆಗೆ ಎರಡು ಬುಟ್ಟಿ ಮಾವಿನಹಣ್ಣು ಬಂತು. ಹೌದು, ಎರಡು. ಹುಡುಗ ಗುರುವನ್ನು ಬಲ್ಲವನು.

ಇಷ್ಟಾದರೂ ಭಾವನ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದವಳು ಅಕ್ಕ ಒಬ್ಬಳೇ. ಒಂದು ಸಂಜೆ ಅವಳು ಅವರೆಕಾಯಿ ಸುಲಿಯುತ್ತಿದ್ದಳು, ನಾನೂ ಅಲ್ಲೇ ಇದ್ದೆ. ಹೆಂಡತಿಯನ್ನು ಕಳೆದುಕೊಂಡ ಇಬ್ಬರು ಕವಿಗಳ ಪದ್ಯಗಳನ್ನು ಭಾವ ವಿವರಿಸುತ್ತಿದ್ದರು. ಒಬ್ಬ ಪದ್ಯದ ತುಂಬ ಗೋಳಾಡುತ್ತಾನೆ. ಇನ್ನೊಬ್ಬ ಬಾಗಿಲು ಹಾಕಿದೆ, ದೀಪ ಆರಿಸಿದೆ ಎಂದು ಮನೆಗೆಲಸ ಹೇಳಿ ಮುಗಿಸುತ್ತಾನೆ.

“ಇಬ್ರಲ್ಲಿ ಯಾರ್ಗೆ ಜಾಸ್ತಿ ದುಃಖ?” ಎಂದು ಅಕ್ಕ ಕೇಳಿದಳು.

“ಪರೀಕ್ಷೇಲಿ ಕೇಳೋದೂ ಅದ್ನೇ. ನೀನೇ ಹೇಳು.”

“ಅಳದೇ ಇದ್ದೋನ್ಗೆ. ಅತ್ತೋನು ಒಸಿ ಆದ್ರೂ ಹಗುರಾದ.”

ಭಾವ ಅವಳ ಕಡೆ ತಿರುಗಿ ಕೂತರು. “ನಮ್ ಹುಡುಗ್ರು ಒಬ್ರೂ ಇಂಗೆ ಬರೆದಿಲ್ಲ ಕಣೆ.”

“ಹಂಗಾರೆ ಅಕ್ಕನ್ನ ಪಾಸ್ ಮಾಡ್ಬುಡಿ ಭಾವ,” ಅಂದೆ ನಾನು. ಮೂವರೂ ನಕ್ಕೆವು.

ಮರುವರ್ಷ ಅಕ್ಕ ಹೋದಳು. ಜ್ವರ ಒಂದು ನೆವ. ನಾನು ಎದೆ ಬಡಿದುಕೊಂಡು ಅತ್ತೆ, ಹಿಡಿದುಕೊಳ್ಳಲು ಜನ ಬೇಕಾಯಿತು. ಭಾವ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದರು, ನೀರು ಕೊಟ್ಟರು, ಹಸುವಿಗೆ ಹುಲ್ಲು ಹಾಕಿದರು. ನೋಡಿ ನನಗೆ ಮೈಯೆಲ್ಲ ಉರಿಯಿತು.

ತಿಥಿಯ ದಿನ ಊಟವಾದ ಮೇಲೆ, ನೆಂಟರೆಲ್ಲ ಎಲೆಯಡಿಕೆ ಹಾಕಿಕೊಂಡು ಕೂತಿದ್ದಾಗ, ಭಾವ ಎದ್ದು ನಿಂತರು. “ಒಂದೆರಡು ಮಾತು ಹೇಳ್ಬೇಕು. ಇಂಗ್ಲಿಷಲ್ಲಿ ಎರಡು ಪದ್ಯ ಅವೆ. ಇಬ್ರು ಕವಿಗಳ ಹೆಂಡ್ತೀರೂ ಹೋಗವ್ರೆ. ಮೊದಲ್ನೇ ಕವಿ...”

ಅವರು ಎಲ್ಲಿಗೆ ಹೊರಟಿದ್ದಾರೆಂದು ಆ ಚಪ್ಪರದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅಕ್ಕ ಕೊಟ್ಟ ಉತ್ತರವನ್ನು ಅಕ್ಕನದೇ ಎಂದು ಊರಿನ ಮುಂದೆ ಹೇಳಬೇಕೆಂದಿದ್ದರು. ಗೊತ್ತಿದ್ದೂ ನನ್ನ ಹಕ್ಕನ್ನು ಒರೆಯಿಂದ ಎಳೆದೆ.

“ಭಾವ, ನಮ್ಮಕ್ಕ ಒಬ್ಳೇ ಅಲ್ವಾ? ಹೋಲ್ಸಾಕೆ ಇನ್ನೊಬ್ಳು ಬೇಕಲ್ಲ. ಹುಡ್ಕಾಣ್ವಾ?”

ಭಾವಮೈದ ಆಡಿದರೆ ನಗಬೇಕಾದದ್ದು ಪದ್ಧತಿ. ಚಪ್ಪರವೆಲ್ಲ ನಕ್ಕಿತು. ಭಾವನೂ ನಗಲು ನೋಡಿದರು. “ಸರಿ ಕಣಯ್ಯ,” ಎಂದು ಟವೆಲ್ಲು ಮಡಿಸಿಕೊಂಡು ಕೂತರು.

ಅದಾದ ಮೇಲೂ ಶೆಡ್ಡಿಗೆ ಬರುತ್ತಿದ್ದರು. ಒಂದು ಬುಗುರಿ ಎತ್ತಿಕೊಳ್ಳುತ್ತಿದ್ದರು, ನೋಡಿ ಕೆಳಗಿಡುತ್ತಿದ್ದರು. ಇನ್ನೊಂದಕ್ಕೆ ಕೈ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎರಡು ಮುದ್ದೆ ಬಡಿಸಿದರೆ, “ಒಂದು ಸಾಕು,” ಅನ್ನುತ್ತಿದ್ದರು. ಒಂದು ಎಂಬ ಸಂಖ್ಯೆಯನ್ನು ಭಾವ ಕೊನೆಗೂ ಕಲಿತರು. ಕಲಿಸಿದ ಮೇಷ್ಟ್ರು ನಾನು.

ಒಮ್ಮೆ ಕೆಂಗಲ್ ಆಂಜನೇಯನ ಗುಡಿ ಮುಂದೆ ಬಸ್ಸಿಗೆ ನಿಂತಿದ್ದಾಗ ಅವರೇ ಎದುರಿಗೆ ಸಿಕ್ಕರು. ಇವತ್ತು ಕ್ಷಮೆ ಕೇಳಿಯೇ ಬಿಡಬೇಕು ಅಂತ ಬಾಯಿ ತೆರೆದೆ. “ಊಟ ಆಯ್ತಾ ಭಾವ?” ಅನ್ನುವುದಷ್ಟೇ ಬಂತು. “ಆಯ್ತು,” ಅಂದರು. ಬಸ್ಸೂ ಬಂತು. ಆ ಬೇಸಿಗೆ ಮುಗಿಯುವಷ್ಟರಲ್ಲಿ ಅವರೂ ಹೋದರು.

ಭಾವ, ಈಗ ನಾನೊಂದು ಹೋಲಿಕೆ ಮಾಡುತ್ತೇನೆ, ತಪ್ಪಿದ್ದರೆ ತಿದ್ದಿ. ಒಂದೇ ಚಪ್ಪರದಲ್ಲಿ ಇಬ್ಬರು. ಒಬ್ಬ ಎದೆ ಬಡಿದುಕೊಂಡು ಅತ್ತು, ಹಗುರಾಗಿ, ಹೊಟ್ಟೆ ತುಂಬ ಉಂಡು, ತಮಾಷೆ ಮಾಡಿದ. ಇನ್ನೊಬ್ಬ ಚಾಪೆ ಹಾಸಿದ, ಹಸುವಿಗೆ ಹುಲ್ಲು ಹಾಕಿದ. ಯಾರಿಗೆ ಜಾಸ್ತಿ ದುಃಖ ಅನ್ನುವುದಕ್ಕೆ ಅಕ್ಕ ಆಗಲೇ ಉತ್ತರ ಹೇಳಿಬಿಟ್ಟಿದ್ದಾಳೆ.

ಹೆಸರು ಹೇಳದೆ ಹೊಸ್ತಿಲು ದಾಟಿಸುವುದಿಲ್ಲ ಅಂತ ತಾನೇ ಶಾಸ್ತ್ರ? ಅವತ್ತು ಅಕ್ಕ ನಿಂತಿದ್ದ ಜಾಗದಲ್ಲಿ ಇವತ್ತು ನಾನು ನಿಂತಿದ್ದೇನೆ. ಮೊದಲ ಸಲ ಹೇಳಿದ್ದು ನನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳುತ್ತೇನೆ ಭಾವ, ನಿಮ್ಮ ಹೆಸರು:

ಪುಟ್ಟಮಾದೇಗೌಡ.