ಪಿಕಪ್ಪಣ್ಣನ ಬ್ರೇಕ್ ಪ್ಯಾಡು

ಬ್ರೇಕು ಒತ್ತಿದಾಗಲೆಲ್ಲ ಆ ಹಳೆಯ ಪಿಕಪ್ಪು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತಿತ್ತು. ಬೇರೆ ದಿನವಾಗಿದ್ದರೆ ಅದರ ಯಜಮಾನ ಪಿಕಪ್ಪಣ್ಣ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಆ ಸಂಜೆ ಗಾಡಿ ಕೊಳ್ಳುವ ಗಿರಾಕಿ ಬರುವವನಿದ್ದ.

ಮನೆ ಬದಲಾಯಿಸುವವರ ಬೀರು, ಮಂಚಗಳನ್ನು ಸಾಗಿಸಿ ಸಾಗಿಸಿ ಪಿಕಪ್ಪಣ್ಣನ ಸೊಂಟ ಹಿಡಿದುಹೋಗಿತ್ತು. ಅವನ ನಿಜವಾದ ಹೆಸರು ಅತ್ತೆಗೂ ಮರೆತಿತ್ತು. ಗಾಡಿ ಮಾರಿ, ಮೂಲೆಯ ಖಾಲಿ ಅಂಗಡಿಗೆ ಮುಂಗಡ ಕೊಟ್ಟು, ಇನ್ನು ಕುರ್ಚಿಯ ಮೇಲೆ ಕೂತು ಪಾತ್ರೆ ಮಾರಬೇಕೆಂಬುದು ಅವನ ಆಸೆ. ಅಂಗಡಿಯ ಮಾಲೀಕ ಆ ಸಂಜೆಯವರೆಗೆ ಮಾತ್ರ ಕಾಯುತ್ತೇನೆ ಅಂದಿದ್ದ. ಗಿರಾಕಿ ಫೋನಿನಲ್ಲಿ, "ಗಾಡಿ ನೆಟ್ಟಗಿದ್ರೆ ನೀವು ಕೇಳಿದಷ್ಟು ಕೊಡ್ತೀನಿ" ಅಂದಿದ್ದ. ಕೇಳಿದ್ದು ಮುಂಗಡಕ್ಕೆ ಸರಿಯಾಗಿ ಸಾಲುವಷ್ಟು.

"ಪ್ಯಾಡು ಸವೆದು ಕಾಗದ ಆಗಿದೆ. ಹೊಸದಕ್ಕೆ ಎರಡು ಸಾವಿರ, ಕೂಲಿ ಒಂದು ಸಾವಿರ" ಎಂದ ಮೆಕ್ಯಾನಿಕ್.

ಪಿಕಪ್ಪಣ್ಣ ಪ್ಯಾಡು ಮಾತ್ರ ಕೊಂಡು ಮನೆಗೆ ಬಂದ. ಕೂಲಿ ಉಳಿಸುವುದು ಹೇಗೆಂದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಯೋಚಿಸುತ್ತಿದ್ದಾಗ ಎದುರಿನ ಕ್ಷೌರಿಕ ಕತ್ತರಿ ಹಿಡಿದೇ ಓಡಿ ಬಂದ. ಅವನ ಹಿಂದೆ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದ ಅವನ ಗಿರಾಕಿ. ನೆರೆಯ ಅಜ್ಜಿ, ಮಂಡಿ ನೋಯುತ್ತದೆಂದು ತನ್ನ ದಿಂಬನ್ನೇ ತಂದು ಪಿಕಪ್ಪಣ್ಣನ ಕೆಳಗೆ ತಳ್ಳಿದಳು.

"ಇದೇನು ಮಹಾ ವಿದ್ಯೆ? ರೇಜರಿಗೆ ಬ್ಲೇಡು ಹಾಕ್ದಂಗೆ" ಎಂದ ಕ್ಷೌರಿಕ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಪ್ಯಾಡು ಹೊರಬಂತು. ಹೊಸದಕ್ಕೆ ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಒರಟಾದ ಕಪ್ಪು ಪದಾರ್ಥ.

"ಯಾವ ಕಡೆ ಚಕ್ರದ ಜೊತೆ ತಿರುಗೋ ಈ ಡಿಸ್ಕಿಗೆ ಬರಬೇಕು?"

"ಕಬ್ಬಿಣದ್ದೇ. ಗಟ್ಟಿ ಇರೋದೇ ತಾನೆ ಹಿಡಿಯೋದು? ನಾನು ಬ್ಲೇಡಿನ ಮೊಂಡು ಕಡೆ ಕೆನ್ನೆಗೆ ಇಡ್ತೀನಾ?"

"ಇಡ್ತಾನೆ, ಒಂದೊಂದ್ಸಲ" ಎಂದ ನೊರೆಯವನು.

ಕಬ್ಬಿಣವೇ ಡಿಸ್ಕಿಗೆ ಬಂತು. ಪಿಕಪ್ಪಣ್ಣ ಗಾಡಿ ಹೊರಡಿಸಿ ಬೀದಿಯ ಕೊನೆಯಲ್ಲಿ ಬ್ರೇಕು ಒತ್ತಿದ. ಈ ಸಲ ಕೂಗಿದ್ದು ಒಂದು ಬೆಕ್ಕಲ್ಲ, ಇಡೀ ಓಣಿಯ ಬೆಕ್ಕುಗಳು. ಅಜ್ಜಿ ಕಿವಿ ಮುಚ್ಚಿಕೊಂಡಳು. ಕ್ಷೌರಿಕನಿಗೆ ಥಟ್ಟನೆ ತನ್ನ ಗಿರಾಕಿಯ ಉಳಿದ ಕೆನ್ನೆಯ ನೆನಪಾಯಿತು.

ಗಾಡಿ ಮತ್ತೆ ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ ಚಕ್ರ ಬಿಚ್ಚಿ ಡಿಸ್ಕಿನ ಮೇಲೆ ಬೆರಳಾಡಿಸಿದ. "ಇದನ್ನ ಹಾಕಿದ್ದು ಯಾರು?"

"ಒಬ್ಬ ತಿಳಿದವರು."

"ಕಬ್ಬಿಣದ ಕಡೆ ಒಳಗಿಟ್ಟು ಡಿಸ್ಕು ಉತ್ತು ಹಾಕಿದೀರಲ್ಲಣ್ಣ. ಅದೂ ಹೊಸದು ಬೇಕು. ಎಲ್ಲ ಸೇರಿ ಇನ್ನು ಆರು ಸಾವಿರ."

ಪಿಕಪ್ಪಣ್ಣ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಬೈಯಲಿಲ್ಲ. ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಲು ಕೂಡಿಟ್ಟಿದ್ದ ಹಣ ತೆಗೆದು ಅವನ ಅಂಗೈಯಲ್ಲಿಟ್ಟಳು. "ಕಾಲಲ್ಲೇ ತುಳೀತೀನಿ, ಅಭ್ಯಾಸ ಇದೆ. ಮೊದ್ಲು ನೀವು ಕುರ್ಚಿ ಮೇಲೆ ಕೂತ್ಕೊಳಿ" ಎಂದಳು.

ಸಂಜೆ ಗಿರಾಕಿ ಬರುವ ಹೊತ್ತಿಗೆ ಗಾಡಿ ಮಿರಮಿರ ಮಿಂಚುತ್ತಿತ್ತು. ಪಿಕಪ್ಪಣ್ಣ ಒತ್ತಾಯ ಮಾಡಿ ಅವನನ್ನು ಕೂರಿಸಿಕೊಂಡು ಬೀದಿ ಸುತ್ತಿದ. ಬ್ರೇಕು ಬೆಣ್ಣೆಯಲ್ಲಿ ಚಾಕು ಇಳಿದಂತೆ ಸದ್ದಿಲ್ಲದೆ ಹಿಡಿಯಿತು.

"ಬ್ರೇಕು ಚೆನ್ನಾಗಿದೆ" ಎಂದ ಗಿರಾಕಿ ಸೌಜನ್ಯಕ್ಕೆ. ಕೆಳಗಿಳಿದು ಜೇಬಿನಿಂದ ಟೇಪು ತೆಗೆದು ಗಾಡಿಯ ಹಿಂಭಾಗ ಅಳೆದ. "ಆದ್ರೆ ನಾನು ಓಡಿಸಲ್ಲ. ಎಂಜಿನ್ನು, ಚಕ್ರ ತೆಗೆದು ಇಟ್ಟಿಗೆ ಮೇಲೆ ಕೂರಿಸಿ ಟೀ ಅಂಗಡಿ ಮಾಡ್ತೀನಿ. ಅವೆಲ್ಲ ನೀವೇ ಇಟ್ಕೊಳಿ, ಅಷ್ಟು ದುಡ್ಡು ಕಡಿಮೆ ಮಾಡಿ. ನಂಗೆ ಬಾಡಿ ನೆಟ್ಟಗಿದ್ರೆ ಸಾಕು."

"ಕಡಿಮೆ ಮಾಡೋಕಾಗಲ್ಲ ಸ್ವಾಮಿ" ಎಂದ ಪಿಕಪ್ಪಣ್ಣ. "ಪೂರ್ತಿ ಸಿಗದಿದ್ರೆ ಮೂಲೆ ಅಂಗಡಿ ಕೈ ಬಿಟ್ಟುಹೋಗುತ್ತೆ. ಇವತ್ತೇ ಮುಂಗಡ ಕೊಡ್ಬೇಕು."

ಗಿರಾಕಿ ಟೇಪು ಸುತ್ತುವುದನ್ನು ನಿಲ್ಲಿಸಿದ.

"ಮೂಲೆ ಅಂಗಡಿ ಹಿಡಿದಿರೋರು ನೀವೇನಾ? ಮೊದ್ಲು ನಾನು ಅದನ್ನೇ ಕೇಳಿದ್ದು. ಮಾಲೀಕರು ಯಾರಿಗೋ ಮಾತು ಕೊಟ್ಟಿದೀನಿ ಅಂದ್ರು. ಅಂಗಡಿ ಸಿಗ್ಲಿಲ್ಲ ಅಂತಲೇ ಈ ಗಾಡಿ ನೋಡೋಕೆ ಬಂದೆ." ಅವನ ಮುಖ ಅರಳಿತು. "ಹಾಗಾದ್ರೆ ನಿಮಗೆ ಇವತ್ತು ಮುಂಗಡ ಕೊಡೋಕೆ ಆಗೋದಿಲ್ಲ ಅಂತೀರಾ?"

ಪಿಕಪ್ಪಣ್ಣ ಅವನ ತೋಳು ಹಿಡಿಯಲು ಕೈ ಚಾಚಿದ. ಅಷ್ಟರಲ್ಲಿ ಗಿರಾಕಿ ಫೋನು ಕಿವಿಗೆ ಹಚ್ಚಿಕೊಂಡು ಮೂಲೆಯತ್ತ ಹೆಜ್ಜೆ ಹಾಕಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಅಂಗಡಿಯ ಬೀಗದ ಕೈ ಕುಣಿಸುತ್ತ ಹಿಂತಿರುಗಿದ. ಪಿಕಪ್ಪಣ್ಣ ಇನ್ನೂ ಗಾಡಿಗೆ ಒರಗಿ ಅಲ್ಲೇ ನಿಂತಿದ್ದ. ಗಿರಾಕಿ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಯಿಟ್ಟ.

"ಬೇಜಾರಾಗ್ಬೇಡಿ ಅಣ್ಣ. ನಾಳೆ ಬೆಳಿಗ್ಗೆ ನನ್ನ ಸಾಮಾನೆಲ್ಲ ಅಂಗಡಿಗೆ ಸಾಗಿಸ್ಬೇಕು. ನೀವೇ ಬನ್ನಿ. ಗಾಜಿನ ಲೋಟ ಜಾಸ್ತಿ ಇವೆ, ಇಷ್ಟು ಒಳ್ಳೆ ಬ್ರೇಕು ಇರೋ ಗಾಡಿ ಬೇರೆ ಎಲ್ಲಿ ಸಿಗುತ್ತೆ?"