ಕಾಲಿಗೊಂದು ಸ್ವಿಚ್ಚು ಕೂರಿಸಿದ್ದು

ನಾನು ಹತ್ತೊಂಬತ್ತು ವರ್ಷದಿಂದ ಕೈಗಡಿಯಾರ ರಿಪೇರಿ ಮಾಡುತ್ತಿದ್ದೇನೆ. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳು ನನ್ನ ಮಾತು ಕೇಳುತ್ತವೆ. ಹಾಗಿರುವಾಗ ನಮ್ಮ ಯಜಮಾನರು ತಮ್ಮ ಗಿಟಾರಿನ ದನಿ ಬದಲಿಸುವ ಪೆಟ್ಟಿಗೆಗೆ ಎರಡು ಸ್ವಿಚ್ಚು ಕೂರಿಸಲು ಯಾರಾದರೂ ಕುಶಲಕರ್ಮಿ ಸಿಗುತ್ತಾರೋ ಎಂದು ಫೋನಿನಲ್ಲಿ ವಿಚಾರಿಸುತ್ತಿದ್ದುದು ಕಿವಿಗೆ ಬಿದ್ದಾಗ ನನಗೆ ಹೇಗಾಗಿರಬೇಡ!

"ಮನೇಲಿ ನಾನಿಲ್ವೇನ್ರೀ?" ಎಂದೆ.

"ಇದು ಗಡಿಯಾರ ಅಲ್ಲ. ಕಾಲಲ್ಲಿ ತುಳಿಯೋದು."

"ಸ್ವಿಚ್ಚು ಸ್ವಿಚ್ಚೇ. ಕಾಲಾದರೇನು, ಕೈಯಾದರೇನು?"

ಪೆಟ್ಟಿಗೆ ಅವರದೇ ಸೃಷ್ಟಿ. ಆರು ತಿಂಗಳು ಕೂತು ಬೆಸುಗೆ ಹಾಕಿದ್ದರು. ಒಂದು ಸ್ವಿಚ್ಚು ಒತ್ತಿದರೆ ಗಿಟಾರಿಗೆ ಗಂಟಲು ಕಟ್ಟಬೇಕು, ಇನ್ನೊಂದು ಒತ್ತಿದರೆ ಬಾವಿಯೊಳಗಿಂದ ಮಾತಾಡಿದಂತೆ ಮಾರ್ದನಿ ಬರಬೇಕು. ಶನಿವಾರ ಸಂಜೆ ಅವರ ಆಫೀಸಿನ ವಾರ್ಷಿಕೋತ್ಸವ. ಮೂವರು ಸಹೋದ್ಯೋಗಿಗಳ ಜೊತೆ ಸೇರಿ ಜೀವನದಲ್ಲಿ ಮೊದಲ ಸಲ ವೇದಿಕೆ ಹತ್ತುವವರಿದ್ದರು. ಆ ವಾರವೆಲ್ಲ ಅವರು ಊಟದ ತಟ್ಟೆಯ ಅಂಚಿನ ಮೇಲೂ ಬೆರಳಾಡಿಸುತ್ತಿದ್ದರು.

ಬುಧವಾರ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು ದಪ್ಪ ಗುಂಡಿಯದು. ಒತ್ತಿದರೆ ಟಕ್ ಎಂದು ಸದ್ದು. ಇನ್ನೊಂದು ಮೃದು, ಸದ್ದಿಲ್ಲ, ಬೆಣ್ಣೆಗೆ ಬೆರಳಿಟ್ಟ ಹಾಗೆ ಇಳಿಯುತ್ತದೆ. ಯಾವ ಕೆಲಸಕ್ಕೆ ಬೇಕು ಎಂದು ಕೇಳಿದ. ನನಗೆ ಗೊತ್ತಿದೆ ಎಂದು ಹೇಳಿ ಮೃದುವಾದದ್ದನ್ನೇ ಎರಡು ತಂದೆ.

ಮನೆಯಲ್ಲಿ ಕೂರಿಸಿ ನೋಡಿದರೆ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಗಿಟಾರಿನ ಗಂಟಲು ಕಟ್ಟುತ್ತಿತ್ತು. ಕಾಲು ಎತ್ತಿದ ತಕ್ಷಣ ಗುಣವಾಗುತ್ತಿತ್ತು. ಯಜಮಾನರು ಒಂದು ಕಾಲು ಪೆಟ್ಟಿಗೆಯ ಮೇಲಿಟ್ಟು, ಇನ್ನೊಂದರ ಮೇಲೆ ಓಲಾಡುತ್ತಾ ಕೇಳಿದರು: "ಹಾಡು ಮುಗಿಯೋ ತನಕ ಹೀಗೇ ಕೊಕ್ಕರೆ ಥರ ನಿಂತಿರ್ಬೇಕಾ?"

ಗುರುವಾರ ಮತ್ತೆ ಅಂಗಡಿಗೆ ಹೋದೆ. ಅಂಗಡಿಯವನು ಏನೂ ಕೇಳಲಿಲ್ಲ. ದಪ್ಪ ಗುಂಡಿಯ ಎರಡು ಸ್ವಿಚ್ಚುಗಳನ್ನು ಆಗಲೇ ಪೊಟ್ಟಣ ಕಟ್ಟಿ ಗಲ್ಲಾದ ಪಕ್ಕದಲ್ಲಿ ಇಟ್ಟುಕೊಂಡಿದ್ದ.

ಹೊಸ ಸ್ವಿಚ್ಚಿನ ಕುತ್ತಿಗೆ ದಪ್ಪ, ಹಳೆಯ ತೂತು ಸಣ್ಣದು. ಅರ ಹಿಡಿದು ಉಜ್ಜಿ ಉಜ್ಜಿ ತೂತನ್ನು ಹಿಗ್ಗಿಸಿದೆ. ಸ್ವಿಚ್ಚು ತೂರಿಸಿ, ವೈರುಗಳನ್ನು ಬೆಸೆದು, ಇನ್ನು ಅಲುಗಾಡಬಾರದೆಂದು ಮೇಲಿನ ನಟ್ಟನ್ನು ಇಕ್ಕಳದಲ್ಲಿ ಬಿಗಿಯಾಗಿ ತಿರುಗಿಸಿದೆ. ನಟ್ಟಿನ ಜೊತೆ ಸ್ವಿಚ್ಚೂ ತಿರುಗಿತು. ಸ್ವಿಚ್ಚಿನ ಜೊತೆ ವೈರುಗಳೂ ತಿರುಗಿ, ಜಡೆ ಹೆಣೆದುಕೊಂಡು, ಒಂದೊಂದಾಗಿ ಕಿತ್ತುಬಂದವು. ಒಳಗಿನಿಂದ ಸ್ವಿಚ್ಚನ್ನು ಹಿಡಿದುಕೊಂಡು ಬಿಗಿ ಮಾಡಬೇಕೆಂಬುದು ಆಮೇಲೆ ಹೊಳೆಯಿತು. ಸಹಾಯ ಮಾಡಲೇ ಎಂದು ಯಜಮಾನರು ಬಂದರು. ನೀವು ಹೋಗಿ ಅಭ್ಯಾಸ ಮಾಡಿ ಎಂದು ಕಳಿಸಿದೆ.

ಶುಕ್ರವಾರ ಸಂಜೆಗೆ ಕೆಲಸ ಮುಗಿಯಿತು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಟಕ್, ಗಂಟಲು ಕಟ್ಟಿತು. ಟಕ್, ಬಿಟ್ಟಿತು. ಮಾರ್ದನಿಯೂ ಹಾಗೆಯೇ. ಎರಡು ಸ್ವಿಚ್ಚುಗಳ ನಡುವೆ ಸರಿಯಾಗಿ ಒಂದೂವರೆ ಅಂಗುಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಮ್ಮ ಜೊತೆಯಲ್ಲೇ ಇರುವ ಅತ್ತೆ ಕೂಡ ಬಂದು ನೋಡಿ, ಎರಡು ಕಣ್ಣಿದ್ದ ಹಾಗಿದೆ ಎಂದರು. ಅವರ ಬಾಯಿಂದ ನನ್ನ ಕೆಲಸಕ್ಕೆ ಹೊಗಳಿಕೆ ಬರುವುದು ಅಪರೂಪ.

ಯಜಮಾನರು ಬೂಟು ಹಾಕಿಕೊಂಡು ಬಂದು ತುಳಿದರು. ಎರಡೂ ಸ್ವಿಚ್ಚು ಒಟ್ಟಿಗೇ ಟಕ್ ಎಂದವು. ಗಂಟಲು ಕಟ್ಟಿದ ಗಿಟಾರು ಬಾವಿಗೂ ಬಿದ್ದು ಅರಚಿತು.

"ತುದಿಯಿಂದ ಒತ್ತಿ," ಎಂದೆ. ತುದಿಯಿಂದ ಒತ್ತಿದರು. ಎರಡೂ ಟಕ್ ಎಂದವು. ಅವರ ಬೂಟಿನ ತುದಿಯೇ ನಾಲ್ಕು ಅಂಗುಲ ಅಗಲ.

ಬೂಟು ಬಿಚ್ಚಿ, ಕಾಲಿನ ಹೆಬ್ಬೆರಳಿನಿಂದ ಒತ್ತಲು ಹೇಳಿದೆ. ಸ್ವಿಚ್ಚಿನ ಸ್ಪ್ರಿಂಗು ಬೂಟಿಗೆಂದೇ ಮಾಡಿದ್ದು. ಹತ್ತನೆಯ ಸಲಕ್ಕೆ ಹೆಬ್ಬೆರಳು ಊದಿಕೊಂಡಿತು. ಸ್ವಿಚ್ಚುಗಳನ್ನು ದೂರ ಸರಿಸೋಣವೆಂದರೆ ಪೆಟ್ಟಿಗೆಯ ಒಳಗೆ ಮಿಕ್ಕ ಜಾಗವೆಲ್ಲ ಅವರ ಆರು ತಿಂಗಳ ಬೆಸುಗೆಯಿಂದ ತುಂಬಿತ್ತು. ಮರುದಿನವೇ ಕಾರ್ಯಕ್ರಮ. ಕಾಲಾವಕಾಶವೂ ಇರಲಿಲ್ಲ, ಕಾಲಿಗೆ ಅವಕಾಶವೂ ಇರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಊದಿದ ಬೆರಳನ್ನು ನೀವಿಕೊಳ್ಳುತ್ತಾ, "ಪೆಟ್ಟಿಗೆ ಇಲ್ಲದೇನೇ ಬಾರಿಸ್ತೀನಿ ಬಿಡು," ಎಂದರು. ಬೈದಿದ್ದರೆ ವಾಸಿಯಿತ್ತು.

"ಬೇಡ," ಎಂದೆ. "ನಾನೇ ಬಂದು ಕೈಯಲ್ಲಿ ಒತ್ತುತ್ತೀನಿ."

ಪರದೆಯ ಹಿಂದೆ ಅಡಗಿ ಕೂರುವುದು ನನ್ನ ಯೋಜನೆ. ಆದರೆ ಗಿಟಾರಿನಿಂದ ಪೆಟ್ಟಿಗೆಗೆ ಬರುವ ವೈರು ಗಿಡ್ಡ. ಪರದೆಯ ತನಕ ಎಟುಕಲಿಲ್ಲ. ಕೊನೆಗೆ ನಾನು ಮುನ್ನೂರು ಜನರ ಎದುರು, ದೀಪದ ಬೆಳಕಿನಲ್ಲಿ, ಅವರ ಪಕ್ಕ ನೆಲದ ಮೇಲೆ ಮಂಡಿಯೂರಿದೆ. ಅವರು ಬಲಗಾಲಿನ ಹಿಮ್ಮಡಿ ಎತ್ತಿದರೆ ನಾನು ಗಂಟಲಿನ ಸ್ವಿಚ್ಚು ಒತ್ತಬೇಕು. ಇದು ನಮ್ಮೊಳಗಿನ ಒಪ್ಪಂದ.

ಅವರು ತಾಳ ಹಾಕುವುದೂ ಬಲಗಾಲಿನ ಹಿಮ್ಮಡಿಯಲ್ಲೇ ಎಂಬುದು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ಪಾಪ, ಅವರಿಗೂ ಗೊತ್ತಿರಲಿಲ್ಲ. ಹಾಡು ಶುರುವಾಯಿತು, ಹಿಮ್ಮಡಿ ಎದ್ದಿತು, ಒತ್ತಿದೆ. ಇಳಿದು ಮತ್ತೆ ಎದ್ದಿತು, ಮತ್ತೆ ಒತ್ತಿದೆ. ಗಿಟಾರಿಗೆ ಒಂದು ಕ್ಷಣ ನೆಗಡಿ, ಒಂದು ಕ್ಷಣ ಆರೋಗ್ಯ. ಪೆಟ್ಟಿಗೆ ಜಾರದಂತೆ ಎರಡೂ ಕೈಯಲ್ಲಿ ಅದುಮಿ, ತಲೆ ಬಗ್ಗಿಸಿ, ಹಿಮ್ಮಡಿಯ ಮೇಲಿಂದ ಕಣ್ಣು ತೆಗೆಯದೆ ಒತ್ತುತ್ತಲೇ ಹೋದೆ. ಹಾಡು ಮುಗಿದಾಗ ನನ್ನ ಹೆಬ್ಬೆರಳೂ ಊದಿತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದು ಯಾವುದೋ ಹೊಸ ಶೈಲಿ ಎಂದುಕೊಂಡಿರಬೇಕು. ಡ್ರಮ್ಮಿನವರು ಬಂದು, ಆ ನಡುಕ ಎಲ್ಲಿ ಕಲಿತಿರಿ ಎಂದು ವಿಚಾರಿಸಿದರು. ಹಿಗ್ಗಿನಿಂದ ಯಜಮಾನರ ಕಾಲು ಎರಡು ದಿನ ನೆಲದ ಮೇಲೆ ನಿಲ್ಲಲಿಲ್ಲ. ನನಗೂ ಒಳಗೊಳಗೇ ಹೆಮ್ಮೆಯಿತ್ತು.

ಮುಂದಿನ ವಾರ ಆಫೀಸಿನಿಂದ ಫೋಟೋ ಬಂತು. ಡ್ರಮ್ಮು ಅದರಲ್ಲಿ ಬಂದಿಲ್ಲ, ಗಿಟಾರು ಅರ್ಧ ಮಾತ್ರ ಇದೆ, ಪೆಟ್ಟಿಗೆ ಬೂಟಿನ ಹಿಂದೆ ಮರೆಯಾಗಿದೆ. ಕಾಣುವುದು ಇಷ್ಟೇ: ಯಜಮಾನರು ಎದೆಯುಬ್ಬಿಸಿ ನಿಂತಿದ್ದಾರೆ. ನಾನು ಮಂಡಿಯೂರಿ, ತಲೆ ಬಗ್ಗಿಸಿ, ಎರಡೂ ಕೈಗಳನ್ನು ಅವರ ಪಾದದ ಬಳಿ ಇಟ್ಟಿದ್ದೇನೆ.

ನಾನು ನನ್ನ ಗಡಿಯಾರದ ಅಂಗಡಿಯಿಂದ ಬರುವಷ್ಟರಲ್ಲಿ ಅತ್ತೆ ಅದಕ್ಕೆ ಕಟ್ಟು ಹಾಕಿಸಿ, ಬಾಗಿಲು ತೆರೆದವರಿಗೆ ಮೊದಲು ಕಾಣುವ ಗೋಡೆಗೆ ನೇತುಹಾಕಿದ್ದರು. ಅದು ಹಾಗಲ್ಲ, ನಾನು ಸ್ವಿಚ್ಚು ಒತ್ತುತ್ತಿದ್ದೆ ಎಂದು ಅಂಗುಲದ ಲೆಕ್ಕದಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅತ್ತೆ ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡರು. ಸೆರಗಿನಿಂದ ಗಾಜನ್ನು ಒಮ್ಮೆ ಒರೆಸಿದರು.

"ಕಾರಣ ಏನಾದ್ರೂ ಇರ್ಲಮ್ಮ," ಎಂದರು. "ನಿನಗೆ ಒಪ್ಪುತ್ತೆ."