ಹದಿನಾರನೇ ಆವರ್ತದಲ್ಲಿ ನಾನು ನಿಲ್ಲಿಸಿದ್ದು

ಗಡಿಯಾರ ನೋಡದೆ ಯಾರ ಮಾತನ್ನೂ ಪೂರ್ತಿ ಕೇಳಿದವನಲ್ಲ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ವಾಸಿ. ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಕನಾಗಿದ್ದೆ. ನನ್ನ ಒಂದು ಪೀಪಿಗೆ ನಾನೂರು ಮಕ್ಕಳು ಒಟ್ಟಿಗೆ ಕೈ ಎತ್ತುತ್ತಿದ್ದರು, ಇನ್ನೊಂದಕ್ಕೆ ಒಟ್ಟಿಗೆ ಇಳಿಸುತ್ತಿದ್ದರು. ನಿವೃತ್ತನಾಗಿ ಚಿಕ್ಕಬಳ್ಳಾಪುರದ ಮನೆಯಲ್ಲಿ ಕೂತ ಮೇಲೆ ಆಜ್ಞೆ ಮಾಡಲು ಉಳಿದವಳು ಹೆಂಡತಿ ಸುಶೀಲ ಒಬ್ಬಳೇ. ಆಕೆಯೂ ಗಣಿತದ ಶಿಕ್ಷಕಿಯಾಗಿ ನಿವೃತ್ತಳಾದವಳು. ಆಕೆ ಕೈ ಎತ್ತಲಿಲ್ಲ, ಗಿಟಾರ್ ಎತ್ತಿಕೊಂಡಳು.

ಗಿಟಾರ್ ಎಂದರೆ ಸಿನಿಮಾ ಹಾಡಿರಬೇಕು ಎಂದುಕೊಂಡೆ. ಅಲ್ಲವಂತೆ, ಜಾಝ್ ಅಂತೆ. ಕಲಿಸಲು ಬರುವವನು ದೇವರಾಜ್. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಭಾನುವಾರ ಹತ್ತಕ್ಕೆ ಬರುತ್ತೇನೆಂದವನು ಹತ್ತೂ ನಲವತ್ತಕ್ಕೆ ಬರುತ್ತಾನೆ. ಕೇಳಿದರೆ, "ಜಾಝ್‌ನಲ್ಲಿ ಚೂರು ಹಿಂದೆ ಬಿದ್ರೇನೇ ಚೆನ್ನ ಸಾರ್" ಎನ್ನುತ್ತಾನೆ. ನನ್ನ ಶಾಲೆಯಲ್ಲಾಗಿದ್ದರೆ ಮೈದಾನ ಮೂರು ಸುತ್ತು ಓಡಿಸುತ್ತಿದ್ದೆ.

ಅವನು ಮೊದಲು ದೊಡ್ಡ ದೊಡ್ಡ ಗಿಟಾರ್ ವಾದಕರ ಧ್ವನಿಮುದ್ರಣ ಕೇಳಿಸುತ್ತಿದ್ದ. ನಾನೂ ಪೇಪರ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಒಬ್ಬಾತ ತಂತಿ ಮೀಟುವ ಬಿಲ್ಲೆಯನ್ನೇ ಮುಟ್ಟದೆ ಬರಿಯ ಹೆಬ್ಬೆರಳಲ್ಲಿ ಮೀಟುತ್ತಾನೆ. ಒಂದೇ ಸ್ವರ ಮೇಲಿನ ಸ್ಥಾಯಿಯಲ್ಲೂ ಕೆಳಗಿನದರಲ್ಲೂ ಒಟ್ಟಿಗೆ ನುಡಿಯುತ್ತದೆ, ಅಪ್ಪ ಮಗು ಕೈಹಿಡಿದು ಸಂತೆಗೆ ಹೋದ ಹಾಗೆ. ಇನ್ನೊಬ್ಬನದು ತಂತಿವಾದ್ಯವೆಂದೇ ಅನ್ನಿಸುವುದಿಲ್ಲ. ಉಸಿರು ಹಿಡಿದು ಊದಿದಂತೆ ಒಂದೊಂದೇ ಸ್ವರದ ಉದ್ದನೆಯ ಸಾಲು. ಮತ್ತೊಬ್ಬ ನುಡಿಸುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ಕರೆಂಟ್ ಹೋಯಿತೇನೋ ಎಂದು ನಾನು ಎರಡು ಸಲ ಎದ್ದು ಪ್ಲಗ್ ನೋಡಿಬಂದೆ.

ಆದರೆ ನನ್ನ ಮನಸ್ಸು ಗೆದ್ದವನು ಬೇರೆ. ದೊಡ್ಡ ವಾದ್ಯವೃಂದದ ಹಿಂದೆ ಗಿಟಾರ್ ಹಿಡಿದು ಕೂತು, ಆವರ್ತಕ್ಕೆ ನಾಲ್ಕೇ ಪೆಟ್ಟಿನಂತೆ, ವರ್ಷಗಟ್ಟಲೆ ಅದನ್ನೇ ಬಾರಿಸಿದವನು. ಮುಂದೆ ಬಂದು ಮೆರೆಯುವ ಆಸೆಯೇ ಇಲ್ಲ. "ಇವರನ್ನ ಯಾರೂ ಕೇಳಿಸ್ಕೊಳ್ಳಲ್ಲ ಸಾರ್. ಆದ್ರೆ ಇವರಿಲ್ದಿದ್ರೆ ಎಲ್ಲಾ ಬಿದ್ದೋಗುತ್ತೆ" ಎಂದ ದೇವರಾಜ್. ಇದು ದೈಹಿಕ ಶಿಕ್ಷಕರ ವರ್ಣನೆಯೇ ಸರಿ ಎನ್ನಿಸಿ, ನಾನೂ ಹಳೆಯದೊಂದು ಗಿಟಾರ್ ಹಿಡಿದೆ. ದಿನಾ ಬೆಳಿಗ್ಗೆ ಆರೂ ಹತ್ತರಿಂದ ಆರೂ ನಲವತ್ತು. ಮೊದಲ ವಾರವೇ ದೇವರಾಜನ ತಕರಾರು ಬಂತು.

"ಸಾರ್, ಒತ್ತು ಎರಡು, ನಾಲ್ಕರ ಮೇಲೆ ಬರ್ಬೇಕು. ನೀವು ಒಂದು, ಮೂರಕ್ಕೆ ಕೊಡ್ತಿದ್ದೀರ."

"ಕವಾಯತು ಎಡಗಾಲಿಂದ ಕಣಪ್ಪ ಶುರು ಮಾಡೋದು."

"ಇಲ್ಲಿ ಬಲಗಾಲು ಸಾರ್."

ಬಲಗಾಲಿಗೆ ಒತ್ತು ಕೊಡುವುದನ್ನು ರೂಢಿಸಿಕೊಳ್ಳಲು ತರಕಾರಿ ಮಾರುಕಟ್ಟೆಗೆ ಹೋಗುವಾಗಲೂ ಹಾಗೆಯೇ ನಡೆದೆ. ಎದುರುಮನೆಯವರು, "ಮಂಡಿ ಹೋಯ್ತಾ ಸಾರ್? ಎಣ್ಣೆ ಹಚ್ಚಿ" ಎಂದು ಕನಿಕರಿಸಿದರು.

ಇಷ್ಟರಲ್ಲಿ ನಿವೃತ್ತ ನೌಕರರ ಸಂಘದ ವಾರ್ಷಿಕೋತ್ಸವ ಬಂತು. ಹಿಂದಿನ ವರ್ಷ ಸುಶೀಲ ಒಬ್ಬಳೇ ನುಡಿಸಿದ್ದಳು. ಅರ್ಧಕ್ಕೇ ಕಾರ್ಯದರ್ಶಿ, "ಎಲೆ ಹಾಕಿದಾರೆ, ಬನ್ನಿ" ಎಂದು ಮೈಕ್ ಆರಿಸಿಬಿಟ್ಟಿದ್ದರು. ಮನೆಗೆ ಬಂದವಳು ಎರಡು ದಿನ ಗಿಟಾರ್ ಮುಟ್ಟಿರಲಿಲ್ಲ. ಈ ಸಲ ನನ್ನನ್ನು ಕೂರಿಸಿಕೊಂಡು ಹೇಳಿದಳು:

"ನೋಡೀಂದ್ರೆ, ನಂದು ಮುಗಿಯೋವರೆಗೂ ನೀವು ಬಾರಿಸ್ತಾ ಇರ್ಬೇಕು."

"ಎಷ್ಟು ಆವರ್ತ?"

"ಮುಗಿಯೋವರೆಗೂ ಅಂದ್ನಲ್ಲ. ಅಲ್ಲೇ ಹುಟ್ಟೋದನ್ನ ಈಗಲೇ ಎಣಿಸಿ ಹೇಳೋಕಾಗುತ್ತಾ? ಒಂದ್ಸಲ ಪೂರ್ತಿ ಹೇಳಿ ಮುಗಿಸ್ಬೇಕು ನಾನು. ಮದ್ವೆ ಆದಾಗ್ನಿಂದ ಕಾಯ್ತಿದೀನಿ."

ಲೆಕ್ಕದ ಮೇಡಮ್ಮೇ ಎಣಿಸಲಾಗದು ಎಂದರೆ ಹೇಗೆ? ನಾನೇ ಕಾಗದದ ಮೇಲೆ "ನಾನು ಎಂಟು, ಸುಶೀಲ ಹದಿನಾರು, ಮುಕ್ತಾಯ" ಎಂದು ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಅವಳು ಓದಿ, ಫ್ರಿಜ್ ತೆರೆದು ಹಾಲು ತೆಗೆದುಕೊಂಡು ಹೋದಳು. ಒಪ್ಪಿಗೆ ಎಂದುಕೊಂಡೆ.

ವೇದಿಕೆಯಲ್ಲಿ ನನ್ನ ಎಂಟು ಸರಾಗವಾಗಿ ಮುಗಿಯಿತು. ಅವಳು ಶುರುಮಾಡಿದಳು. ಹನ್ನೆರಡನೇ ಆವರ್ತದ ಹೊತ್ತಿಗೆ ಯಾವುದೋ ಹೊಸ ದಾರಿ ಸಿಕ್ಕಿ ಆ ಕಡೆ ಹೊರಟಳು. ಹದಿನಾಲ್ಕು. ಹದಿನೈದು. ವಾಪಸಾಗುವ ಲಕ್ಷಣವಿಲ್ಲ. ಹದಿನಾರು ಮುಗಿಯಿತು. ನಾನು ಬಿಲ್ಲೆ ಕೆಳಗಿಟ್ಟು, ಎರಡೂ ಕೈ ಮಂಡಿಯ ಮೇಲಿಟ್ಟು, ವಿಶ್ರಾಮ ಸ್ಥಿತಿಯಲ್ಲಿ ಕೂತುಬಿಟ್ಟೆ.

ಮುಗಿಯಿತು ಎಂದುಕೊಂಡರು ಎಲ್ಲರೂ. ಕಾರ್ಯದರ್ಶಿ ಕುರ್ಚಿಯಿಂದೆದ್ದು ಮೈಕ್ ಕಡೆ ಹೊರಟರು. ಹೋದ ವರ್ಷದ್ದು ಆಗ ನೆನಪಾಯಿತು. ಸುಶೀಲ ನನ್ನ ಕಡೆ ನೋಡಲೇ ಇಲ್ಲ. ಒಂದು ಸ್ವರ ಮೀಟಿದಳು, ಕಾದಳು. ಇನ್ನೊಂದು. ಅದಕ್ಕೆ ಮತ್ತೊಂದು ಉತ್ತರ ಕೊಟ್ಟಿತು. ಕಾರ್ಯದರ್ಶಿ ಇದ್ದಲ್ಲೇ ನಿಂತರು, ಆಮೇಲೆ ಸಿಕ್ಕ ಕುರ್ಚಿಯಲ್ಲಿ ಕೂತರು. ಯಾರ ಆಸರೆಯೂ ಇಲ್ಲದೆ ಅವಳು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದಳು. ಮುಗಿದ ಮೇಲೆ ಮಾತ್ರ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ನಾನು ಮುಕ್ತಾಯಕ್ಕೆಂದು ಗಡಿಬಿಡಿಯಲ್ಲಿ ಬಿಲ್ಲೆ ಹುಡುಕಿದೆ.

ಊಟದ ಸಾಲಿನಲ್ಲಿ ಚಿಂತಾಮಣಿಯ ನಿವೃತ್ತ ತಹಶೀಲ್ದಾರರೊಬ್ಬರು ನನ್ನ ಕೈ ಹಿಡಿದುಕೊಂಡರು. "ಏಮಿ ಸಾರ್, ನಡುವೆ ನಿಲ್ಲಿಸಿದ್ರಲ್ಲ, ಅಬ್ಬಬ್ಬ! ಹೆಂಡ್ತಿಗೆ ಅಷ್ಟು ಜಾಗ ಯಾರು ಬಿಡ್ತಾರೆ? ನಮ್ಮೂರಿಗೆ ಬಂದು ಅದನ್ನೇ ಮಾಡ್ಬೇಕು."

ದೇವರಾಜ್ ಕಿವಿಯ ಹತ್ತಿರ ಬಂದು, "ಬೇಕಂತ್ಲೇ ನಿಲ್ಲಿಸಿದ್ರಾ ಸಾರ್?" ಎಂದ.

"ಹೂಂ ಕಣಪ್ಪ, ಅದೊಂದು ಶೈಲಿ" ಎಂದೆ. ಲೆಕ್ಕದ ಹಂತ ಬರೆಯದೆ ಪಕ್ಕದವನ ಉತ್ತರ ನಕಲು ಮಾಡಿದ ಹುಡುಗನನ್ನು ನೋಡುವಂತೆ ಸುಶೀಲ ನನ್ನನ್ನು ನೋಡಿದಳು.

ಈಗ ಚಿಂತಾಮಣಿಗಾಗಿ ಹದಿನಾರಕ್ಕೆ ನಿಲ್ಲಿಸುವ ಆ ತಪ್ಪನ್ನು ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಅದು ಬರುತ್ತಿಲ್ಲ. ಅವಳು ಎತ್ತ ಹೋಗುತ್ತಾಳೆಂದು ಕೇಳುತ್ತಾ ಕೂತರೆ ಎಣಿಕೆ ತಪ್ಪಿ, ಕೈ ತನ್ನ ಪಾಡಿಗೆ ತಾನು ಬಾರಿಸುತ್ತಲೇ ಇರುತ್ತದೆ. ಮೊನ್ನೆ ಅವಳೇ ನುಡಿಸುವುದನ್ನು ಬಿಟ್ಟು ಕೂಗಿದಳು: "ನಿಲ್ಲಿಸ್ರೀ! ಇಪ್ಪತ್ಮೂರಾಯ್ತು!"

"ನಿಂದಿನ್ನೂ ಮುಗಿದಿರಲಿಲ್ಲವಲ್ಲೇ" ಎಂದೆ.

"ಅದು ಅವತ್ತು ಹೊಳೀಬೇಕಿತ್ತು" ಎಂದಳು.